ಸರಕು ವಿಮಾನಕ್ಕೂ ದೋಸೆ ತವಾಕ್ಕೂ ಏನು ನಂಟು?

ಸಕಲೇಶಪುರದ ಬೇಕರಿಯಲ್ಲಿ ಮೊನ್ನೆ ಒಬ್ಬರು ಮೊಬೈಲ್ ಮುಂದೆ ಹಿಡಿದರು. ಸೇನೆಯ ದೊಡ್ಡ ವಿಮಾನವೊಂದು ಎರಡೂ ಕಡೆ ಬೆಂಕಿಯುಂಡೆ ಉದುರಿಸುತ್ತಾ ಹೋಗುತ್ತಿತ್ತು. ಹಿಂದಿನ ಹೊಗೆ ರೆಕ್ಕೆ ಬಿಚ್ಚಿದ ಹಾಗಿತ್ತು. 'ನೋಡಿ ಮೇಷ್ಟ್ರೇ, ಸಾಕ್ಷಾತ್ ಗರುಡ! ಹತ್ತು ಜನಕ್ಕೆ ಕಳಿಸಿದ್ರೆ ಒಳ್ಳೇದಾಗುತ್ತಂತೆ' ಅಂದರು. ಕೈಯಲ್ಲಿದ್ದ ಬನ್ನು ಕೆಳಗಿಡಬೇಕಾಯಿತು.

ಅದು ಗರುಡನಲ್ಲ ಸ್ವಾಮಿ, ಫ್ಲೇರ್. ಶತ್ರುವಿನ ಕ್ಷಿಪಣಿಯ ದಾರಿ ತಪ್ಪಿಸುವ ಸುಳ್ಳು ಬಿಸಿ.

ಸೈನಿಕರನ್ನೂ ಸಾಮಾನನ್ನೂ ಹೊರುವ ವಿಮಾನ ಫೈಟರ್ ಥರ ಪಲ್ಟಿ ಹೊಡೆದು ತಪ್ಪಿಸಿಕೊಳ್ಳಲಾರದು. ಇಳಿಯುವಾಗಂತೂ ಮೆಲ್ಲಗೆ, ತಗ್ಗಿನಲ್ಲಿ ಬರಲೇಬೇಕು. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಕಾಯುವುದೇ ಅದಕ್ಕೆ. ಅದರ ಮೂತಿಯಲ್ಲಿರುವ ಕಣ್ಣಿಗೆ ಎಂಜಿನ್ನಿನ ಬಿಸಿ ಕಾಣುತ್ತದೆ.

ಮೊದಲ ಮಳೆ ಬಿದ್ದ ಸಂಜೆ ನಾವೇನು ಮಾಡುತ್ತೇವೆ? ಮನೆಯ ಲೈಟೆಲ್ಲ ಆರಿಸಿ ಅಂಗಳದಲ್ಲಿ ಒಂದೇ ಬಲ್ಬ್ ಹಾಕುತ್ತೇವೆ. ಮಳೆಹುಳವೆಲ್ಲ ಅಲ್ಲಿಗೇ ಮುತ್ತುತ್ತವೆ. ಫ್ಲೇರ್ ಅಂದರೆ ಆ ಅಂಗಳದ ಬಲ್ಬು. ಆದರೆ ಹಾರುತ್ತಿರುವ ವಿಮಾನದ ಎಂಜಿನ್ ಆರಿಸೋಕಾಗಲ್ಲ, ಅಲ್ವಾ? ಹಾಗಾಗಿ ಅಂಗಳದ್ದು ಮನೆಯದಕ್ಕಿಂತ ಜಾಸ್ತಿ ಉರಿಯಬೇಕು. ಅದಕ್ಕೆ ಬಳಸುವುದು ಮೆಗ್ನೀಸಿಯಂ ಪುಡಿ ಮತ್ತು ಟೆಫ್ಲಾನ್. ಹೌದು, ನಾನ್‌ಸ್ಟಿಕ್ ತವಾದ ಟೆಫ್ಲಾನೇ! ದೋಸೆಯ ಕೆಳಗೆ ಸುಮ್ನೆ ಕೂತಿರುವ ಆ ಸಾಧುವಿನ ಹೊಟ್ಟೆ ತುಂಬ ಫ್ಲೋರಿನ್. ಹೊತ್ತಿಸಿದ ಕೂಡಲೇ ಮೆಗ್ನೀಸಿಯಂ ಅದನ್ನು ಕಿತ್ತುಕೊಳ್ಳುತ್ತದೆ, ವಿಪರೀತ ಬಿಸಿ ಹುಟ್ಟುತ್ತದೆ. ಉಳಿದ ಇಂಗಾಲ ಮಸಿಯಾಗಿ, ಕುಲುಮೆಯ ಕೆಂಡದಂತೆ ಕಾದು, ಕ್ಷಿಪಣಿ ಹುಡುಕುವ ಇನ್‌ಫ್ರಾರೆಡ್ ಬೆಳಕನ್ನೇ, ಅಂದರೆ ನಮ್ಮ ಕಣ್ಣಿಗೆ ಕಾಣದ ಬಿಸಿಯ ಬೆಳಕನ್ನೇ, ಚೆಲ್ಲುತ್ತದೆ. ಕೆಲವೇ ಸೆಕೆಂಡು. ಅಷ್ಟರಲ್ಲಿ ವಿಮಾನ, ಬಾಲ ಉದುರಿಸಿ ಓಡಿದ ಹಲ್ಲಿಯಂತೆ, ಮುಂದೆ ಹೋಗಿರುತ್ತದೆ.

ಹೊಸ ಕ್ಷಿಪಣಿಗಳು ಇಷ್ಟಕ್ಕೆ ಮೋಸ ಹೋಗುವುದಿಲ್ಲ. ಫ್ಲೇರ್ ಗಾಳಿಗೆ ಸಿಕ್ಕಿ ಥಟ್ಟನೆ ಹಿಂದೆ ಬೀಳುತ್ತದೆ, ವಿಮಾನ ಹಾಗೆ ಬೀಳಲ್ಲ. ಅದರಲ್ಲೇ ಗುರುತು ಹಿಡಿಯುತ್ತವೆ. ಅದಕ್ಕೇ ಈಗಿನ ಕೆಲವು ದೊಡ್ಡ ವಿಮಾನಗಳು ಕ್ಷಿಪಣಿಯ ಕಣ್ಣಿಗೇ ಲೇಸರ್ ಬಿಡುತ್ತವೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಲೈಟ್ ಡಿಮ್ ಮಾಡದೆ ಲಾರಿ ಎದುರಾದರೆ ನಮ್ಮ ಪಾಡೇನು? ಕ್ಷಿಪಣಿಯದ್ದೂ ಅದೇ ಪಾಡು.

ಫ್ಲೇರ್ ಇಲ್ಲದೆ ಹೋದರೆ ಏನಾಗುತ್ತದೆ ಅಂತ ಕಾರ್ಗಿಲ್‌ನಲ್ಲಿ ನೋಡಿದ್ದೇವೆ. 1999ರ ಮೇ 28ರಂದು ಟೋಲೋಲಿಂಗ್ ಬೆಟ್ಟದ ಬಳಿ ನಮ್ಮ ಎಂಐ-17 ಹೆಲಿಕಾಪ್ಟರಿಗೆ ಸ್ಟಿಂಗರ್ ಅನ್ನುವ ಹೆಗಲ ಕ್ಷಿಪಣಿ ಬಡಿಯಿತು. ಅದರಲ್ಲಿ ಫ್ಲೇರ್ ಇರಲಿಲ್ಲ. ಒಳಗಿದ್ದ ನಾಲ್ವರೂ ಉಳಿಯಲಿಲ್ಲ.

ಹಡಗಿಗೆ ಬಿಸಿಗಿಂತ ರಾಡಾರ್‌ನ ಕಾಟ ಜಾಸ್ತಿ. ಅಲ್ಲಿ ಆಕಾಶಕ್ಕೆ ತೂರುವುದು ಚಾಫ್, ಅಂದರೆ ಅಲ್ಯುಮಿನಿಯಂ ಲೇಪಿಸಿದ ಸಣ್ಣ ಎಳೆಗಳ ಮೋಡ. ರಾಡಾರ್ ಕಣ್ಣಿಗೆ ಆ ಮೋಡವೇ ಹಡಗಿನ ಹಾಗೆ ಕಾಣುತ್ತದೆ. 1982ರ ಮೇ 25, ಫಾಕ್ಲೆಂಡ್ ದ್ವೀಪಗಳಿಗಾಗಿ ಬ್ರಿಟನ್ನಿಗೂ ಅರ್ಜೆಂಟೀನಾಕ್ಕೂ ನಡೆದ ಯುದ್ಧ. ಬ್ರಿಟನ್ನಿನ ಯುದ್ಧನೌಕೆಯೊಂದು ಚಾಫ್ ತೂರಿ, ರಾಡಾರ್‌ನಿಂದ ಗುರಿ ಹುಡುಕುವ ಎಕ್ಸೊಸೆಟ್ ಕ್ಷಿಪಣಿಗಳಿಂದ ಪಾರಾಯಿತು. ಅವು ಮೋಡವನ್ನು ದಾಟಿ ಇನ್ನೊಂದು ಗುರಿ ಹುಡುಕಿದವು. ಆಗ ಸಿಕ್ಕಿದ್ದು ಅಟ್ಲಾಂಟಿಕ್ ಕನ್ವೇಯರ್ ಅನ್ನುವ ಸರಕು ಹಡಗು. ಯುದ್ಧಕ್ಕೆಂದು ಅವಸರದಲ್ಲಿ ಕರೆತಂದದ್ದು, ಚಾಫ್ ಇರಲಿಲ್ಲ. 12 ಜನ ಸತ್ತರು. ಒಳಗಿದ್ದ ಮೂರು ಚಿನೂಕ್ ಹೆಲಿಕಾಪ್ಟರುಗಳು ಸುಟ್ಟುಹೋದವು. ಅವು ಹೊತ್ತೊಯ್ಯಬೇಕಿದ್ದ ಎಷ್ಟೋ ಸೈನಿಕರು ಬೆನ್ನಿಗೆ ಮೂಟೆ ಏರಿಸಿಕೊಂಡು, ಆ ಜೌಗು ದ್ವೀಪವನ್ನು ನಡೆದೇ ದಾಟಿದರು.