ಹೊಲದಷ್ಟು ದೊಡ್ಡ ತ್ರಿಭುಜಕ್ಕೂ 180 ಡಿಗ್ರಿನೇ ಏನು?

ಪ್ರಶ್ನೆ: ಸರ, ನನ್ನ ಮಗಳು ಏಳನೇತ್ತೆ ಕಲೀತಾಳ. ತ್ರಿಭುಜ ಸಣ್ಣದಿರಲಿ ದೊಡ್ಡದಿರಲಿ, ಮೂರೂ ಕೋನ ಕೂಡಿಸಿದ್ರ 180 ಡಿಗ್ರಿನ ಬರತೈತಿ ಅಂತ ಸಾಲ್ಯಾಗ ಹೇಳ್ಯಾರ. "ನಮ್ಮ ಹೊಲದಷ್ಟು ದೊಡ್ಡದು ಮಾಡಿದ್ರೂ ಹೆಚ್ಚಾಗೂದಿಲ್ಲೇನು?" ಅಂತ ಕೇಳಾಕತ್ತಾಳ. ಏನ್ ಹೇಳ್ಲಿ?
(ಮುದ್ದೇಬಿಹಾಳದ ಓದುಗರೊಬ್ಬರು)

ಹೊಲದಷ್ಟು ದೊಡ್ಡದಾದರೂ 180 ಬಿಡುವುದಿಲ್ಲ ಅನ್ನಿ. ಜಿಲ್ಲೆಯಷ್ಟು ದೊಡ್ಡದಾದರೆ ಕೂದಲೆಳೆಯಷ್ಟು ಹೆಚ್ಚಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮನೆಯಲ್ಲಿ ಹಳೆಯ ಲಗ್ನಪತ್ರಿಕೆ ಹುಡುಕಿ. (ನಾನು ಕಟಕ ರೊಟ್ಟಿಯಲ್ಲಿ ಮಾಡಲು ಹೋಗಿದ್ದೆ. ಅದು ತನಗೆ ಬೇಕಾದ ಕಡೆ ಮುರಿಯಿತು, ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ.) ಅದರಲ್ಲೊಂದು ತ್ರಿಭುಜ ಕತ್ತರಿಸಿ. ಆಕಾರ ಹೇಗಾದರೂ ಇರಲಿ, ಬದಿಗಳು ಮಾತ್ರ ನೆಟ್ಟಗಿರಬೇಕು. ಮೂರು ಮೂಲೆಗೂ ಪೆನ್ನಿನಿಂದ ಚುಕ್ಕೆ ಇಡಿ, ಇಲ್ಲದಿದ್ದರೆ ಹರಿದ ಮೇಲೆ ಮೂಲೆ ಯಾವುದು, ಹರಿದ ಅಂಚು ಯಾವುದು ಅಂತ ಗೊಂದಲವಾಗುತ್ತದೆ. ಈಗ ಮೂರೂ ಮೂಲೆ ಹರಿದು, ಚುಕ್ಕೆಯ ತುದಿಗಳು ಒಂದೇ ಕಡೆ ಕೂಡುವಂತೆ ಅಕ್ಕಪಕ್ಕ ಜೋಡಿಸಿ. ಕೆಳಗಿನ ಅಂಚು ಸ್ಕೇಲ್ ಇಟ್ಟಂತೆ ನೆಟ್ಟಗೆ ಬರುತ್ತದೆ. 180 ಡಿಗ್ರಿ ಅಂದರೆ ಅದೇ, ಅರ್ಧ ಸುತ್ತು.

ಒಂದು ಪತ್ರಿಕೆ ಹರಿದು ತೋರಿಸಿದ ಮಾತ್ರಕ್ಕೆ ಎಲ್ಲ ತ್ರಿಭುಜಕ್ಕೂ ಸಾಧಿಸಿದಂತಾಗಲಿಲ್ಲ. ಅದಕ್ಕೆ ಹೊಲಕ್ಕೇ ಹೋಗೋಣ. ತ್ರಿಭುಜದ ಪಾದ ಕೆಳಗಿನ ಬದು, ಎದುರಿನ ಮೂಲೆಯಲ್ಲೊಂದು ಬೇವಿನ ಮರ. ಮರದ ಬುಡದಲ್ಲಿ, ಬದುವಿಗೆ ಸಮಾಂತರವಾಗಿ ಒಂದು ಸಾಲು ಹೊಡೆಯಿರಿ. ಬದುವಿನ ಎಡತುದಿಯಿಂದ ಮರಕ್ಕೆ ಬರುವ ಗೆರೆ ಎರಡನ್ನೂ ಕೂಡಿಸುತ್ತದಲ್ಲ, ಹಾಗಾಗಿ ಎಡಮೂಲೆಯ ಕೋನವೇ ಮರದ ಎಡಕ್ಕೆ ಮತ್ತೆ ಬಂದು ಕೂರುತ್ತದೆ. ಬಲಮೂಲೆಯದು ಬಲಕ್ಕೆ. ಮಗಳ ಪಾಠದಲ್ಲಿ ಬರುವ ಪರ್ಯಾಯ ಕೋನಗಳು ಇವೇ. ನಡುವೆ ಮರದ ಮೂಲೆಯ ಸ್ವಂತ ಕೋನ. ಮೂರೂ ಸೇರಿ ಸಾಲಿನ ಒಂದು ಮಗ್ಗುಲನ್ನು ಪೂರ್ತಿ ತುಂಬುತ್ತವೆ. ಬದು ಎಷ್ಟು ಮಾರು, ಮರ ಎಷ್ಟು ದೂರ ಎಂಬ ಮಾತೇ ಇಲ್ಲಿ ಬರಲಿಲ್ಲ ನೋಡಿ. ಸುಮಾರು 2,300 ವರ್ಷಗಳ ಹಿಂದೆ ಯೂಕ್ಲಿಡ್ ಇದನ್ನು ಸಾಧಿಸಿದ್ದೂ ಒಂದು ಸಮಾಂತರ ಗೆರೆ ಎಳೆದೇ.

ಇನ್ನು 180 ಎಂಬ ಅಂಕಿ ನಮ್ಮದೇ ಆಯ್ಕೆ. ಸುತ್ತನ್ನು 360ರ ಬದಲು 400 ಪಾಲು ಮಾಡುವ ಗ್ರೇಡಿಯನ್ ಪದ್ಧತಿಯೂ ಇದೆ. ಅದರಲ್ಲಿ ಉತ್ತರ 200.

ಇದೆಲ್ಲ ನೆಲ ಚಪ್ಪಟೆ ಇದ್ದಾಗಿನ ಮಾತು. ಮಗಳನ್ನು ಒಮ್ಮೆ ವಿಜಯಪುರಕ್ಕೆ ಕರೆತಂದು ಗೋಳಗುಮ್ಮಟ ತೋರಿಸಿ. ಅದನ್ನು ಸರಿಯಾದ ಅರ್ಧಗೋಳ ಅಂತಲೇ ಇಟ್ಟುಕೊಳ್ಳೋಣ. ಒಂದು ಇರುವೆ ನೆತ್ತಿಯಿಂದ ನೇರ ಇಳಿದು, ಬುಡದ ಅಂಚಿನಲ್ಲಿ ಕಾಲು ಸುತ್ತು ನಡೆದು, ಮತ್ತೆ ನೇರ ನೆತ್ತಿಗೆ ಹತ್ತಿತು. ಬುಡದಲ್ಲಿ ಎರಡು ಲಂಬಕೋನ, ನೆತ್ತಿಯಲ್ಲೊಂದು. ಒಟ್ಟು 270! ಬುಡದ ಅಂಚು ದುಂಡಗಿದೆಯಲ್ಲ ಅಂದೀರಿ. ಗೋಳದ ಮೈಮೇಲೆ ನಡೆಯುವ ಇರುವೆಗೆ ಅದೇ ಅತಿ ಹತ್ತಿರದ ದಾರಿ. ಹತ್ತುವ, ಇಳಿಯುವ ದಾರಿಗಳು ಬುಡದಲ್ಲಿ ಸಮಾಂತರವಾಗಿಯೇ ಕಂಡರೂ ನೆತ್ತಿಯಲ್ಲಿ ಕೂಡಿಬಿಡುತ್ತವೆ. ಬೇವಿನ ಮರದ ಉಪಾಯ ಇಲ್ಲಿ ನಡೆಯುವುದಿಲ್ಲ.

ಭೂಮಿಯೂ ಇಂಥದ್ದೇ ಗುಮ್ಮಟ, ಬಹಳ ದೊಡ್ಡದು. ಅದರ ಮೇಲೆ ತ್ರಿಭುಜದ ವಿಸ್ತೀರ್ಣ ಸುಮಾರು 197 ಚದರ ಕಿ.ಮೀ. ಹೆಚ್ಚಿದಂತೆಲ್ಲ ಮೊತ್ತಕ್ಕೆ ಒಂದು ಸೆಕೆಂಡ್ ಸೇರುತ್ತದೆ, ಅಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರನ್ನೂ ಜೋಡಿಸಿ ನಾನೇ ಲೆಕ್ಕ ಹಾಕಿದೆ: ಸುಮಾರು 4,500 ಚದರ ಕಿ.ಮೀ., ಹೆಚ್ಚುವರಿ 23 ಸೆಕೆಂಡ್. 1802ರಲ್ಲಿ ಮದರಾಸಿನಿಂದ ಬ್ರಿಟಿಷ್ ಸೇನಾಧಿಕಾರಿ ಲ್ಯಾಂಬ್ಟನ್ ಶುರುಮಾಡಿದ ಭೂಮಾಪನದಲ್ಲಿ ತ್ರಿಭುಜಗಳ ಮೇಲೆ ತ್ರಿಭುಜ ಕಟ್ಟುತ್ತ ಹೋಗುವಾಗ ಈ ಹೆಚ್ಚುವರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿತ್ತು.

ನಿಮ್ಮದು ಹತ್ತು ಎಕರೆ ಹೊಲ ಅಂದುಕೊಂಡರೆ, ಹೆಚ್ಚಾಗುವುದು ಒಂದು ಸೆಕೆಂಡಿನ ಐದು ಸಾವಿರದಲ್ಲಿ ಸುಮಾರು ಒಂದು ಪಾಲು. ಮಗಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕದಲ್ಲಿ ಅರ್ಧ ಡಿಗ್ರಿ ಗುರುತಿಸುವುದೇ ಕಷ್ಟ.