ಸೀರಣಿಗೆ ಮತ್ತು ಬೋರಿನ ನೀರು

ಚಿತ್ರದುರ್ಗದ ನಮ್ಮ ಮನೆಯಲ್ಲಿ ಬಾಚಣಿಗೆ ಇರುವುದು ಕನ್ನಡಿಯ ಪಕ್ಕದ ಗೂಡಿನಲ್ಲಿ. ಕಳೆದ ವಾರ ಅದನ್ನು ಬಿಸಿಲಿಗೆ ಹಿಡಿದು ನೋಡಿದೆ. ಹಲ್ಲುಗಳ ಬುಡದಲ್ಲಿ ಬೂದು ಬಣ್ಣದ, ಮೇಣದಂಥ ಪಟ್ಟಿ. ಗುಂಡುಸೂಜಿಯಿಂದ ಕೆರೆದರೆ ಸುರುಳಿಯಾಗಿ ಎದ್ದು ಬಂತು. ಮೂಸಿದರೆ ಹಳೆಯ ಕೊಬ್ಬರಿ ಎಣ್ಣೆಯ ಕಮಟು ವಾಸನೆ. ವಾರಕ್ಕೊಮ್ಮೆ ತಪ್ಪದೆ ಸೋಪು ಹಚ್ಚಿ ತೊಳೆಯುವ ಬಾಚಣಿಗೆ ಇದು!

ಆ ಬೂದು ಮೇಣದಲ್ಲಿ ಬಹುಪಾಲು ನಮ್ಮ ತಲೆಯದೇ ಆಸ್ತಿ. ಕೂದಲಿನ ಬುಡಕ್ಕೆ ಅಂಟಿಕೊಂಡ ಪುಟ್ಟ ಗ್ರಂಥಿ ಸೀಬಮ್ ಎಂಬ ಜಿಡ್ಡನ್ನು ಒಸರುತ್ತದೆ. ನಾವು ಹಚ್ಚಿದ ಎಣ್ಣೆ, ನೆತ್ತಿಯಿಂದ ಉದುರಿದ ಸತ್ತ ಚರ್ಮದ ಚೂರು, ಆಷಾಢದ ಗಾಳಿ ಹೊತ್ತು ತಂದ ಧೂಳು ಅದಕ್ಕೆ ಸೇರುತ್ತವೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅವು ಹಲ್ಲುಗಳಿಗೆ ಸುತ್ತಿಕೊಂಡು ಇದೆಲ್ಲವನ್ನೂ ಹಿಡಿದಿಡುತ್ತವೆ. ತಲೆಗೆ ಎರೆದುಕೊಂಡು ಬಂದು ಅದೇ ಬಾಚಣಿಗೆ ಆಡಿಸಿದರೆ, ಹೋದ ವಾರದ ಜಿಡ್ಡನ್ನು ಮತ್ತೆ ಬಳಿದುಕೊಂಡ ಹಾಗೆ.

ತೊಳೆದರೂ ಹೋಗದಿರಲು ಕಾರಣ ನಮ್ಮ ನೀರು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಬೋರಿನ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಸೋಪು ಎಂದರೆ ಕೊಬ್ಬಿನಾಮ್ಲದ ಸೋಡಿಯಂ ಲವಣ. ಗಡಸು ನೀರು ಸೋಕಿದ ಕೂಡಲೇ ಸೋಡಿಯಂ ಜಾಗದಲ್ಲಿ ಕ್ಯಾಲ್ಸಿಯಂ ಬಂದು ಕೂರುತ್ತದೆ, ನೀರಿನಲ್ಲಿ ಕರಗದ ಗಸಿ ಹುಟ್ಟುತ್ತದೆ. ಬಕೆಟ್ಟಿನ ಅಂಚಿಗೆ ಮೆತ್ತಿಕೊಳ್ಳುವ ಬಿಳಿ ಪದರ ಅದೇ. ನಂಬಿಕೆ ಬರಲೆಂದು ಒಂದು ಬಾಟಲಿಗೆ ಬೋರಿನ ನೀರು, ಇನ್ನೊಂದಕ್ಕೆ ಹಿಡಿದಿಟ್ಟ ಮಳೆನೀರು ತುಂಬಿ, ಎರಡಕ್ಕೂ ಒಂದೊಂದು ಚೂರು ಸೋಪು ಹಾಕಿ ಕುಲುಕಿದೆ. ಮಳೆನೀರು ಕುತ್ತಿಗೆಯವರೆಗೂ ನೊರೆಯಾಯಿತು; ಬೋರಿನದು ಒಡೆದ ಹಾಲಿನಂತಾಯಿತು. ತೊಳೆಯುತ್ತಿದ್ದೇನೆಂದು ನಂಬಿ ಇಷ್ಟು ವರ್ಷ ಬಾಚಣಿಗೆಗೆ ಗಿಲಾವು ಮಾಡುತ್ತಿದ್ದೆ.

ಶಾಂಪೂವಿಗೆ ಈ ತಾಪತ್ರಯ ಕಡಿಮೆ. ಅದರ ಮಾರ್ಜಕಗಳು ಕ್ಯಾಲ್ಸಿಯಂ ಜೊತೆ ಸೇರಿದರೂ ಸೋಪಿನಂತೆ ಗಸಿಯಾಗಿ ಕೂರುವುದಿಲ್ಲ. ಅಂಟುವಾಳದ ನೊರೆಗೆ ಕಾರಣವಾದ ಸಪೋನಿನ್ ಕೂಡ ಸೋಪಿನ ಜಾತಿಯದಲ್ಲ. ಈಗ ನಾನು ಮೊದಲು ಸಿಕ್ಕಿಕೊಂಡ ಕೂದಲು ಬಿಡಿಸಿ, ಹಳೆಯ ಪದರವಿದ್ದರೆ ಬಾಚಣಿಗೆಯನ್ನು ನಿಂಬೆರಸ ಹಿಂಡಿದ ನೀರಿನಲ್ಲಿ ಸ್ವಲ್ಪ ಹೊತ್ತು ಬಿಡುತ್ತೇನೆ. ಹುಳಿ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತದೆ. ಉಳಿದ ಜಿಡ್ಡನ್ನು ಬೆಚ್ಚನೆಯ ಶಾಂಪೂ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ನೋಡಿಕೊಳ್ಳುತ್ತವೆ. ಮರದ ಬಾಚಣಿಗೆಯನ್ನು ಮಾತ್ರ ನೆನೆಹಾಕಬಾರದು, ಉಬ್ಬಿ ಸೀಳುತ್ತದೆ. ರಬ್ಬರ್ ಮೆತ್ತೆಯ ಬ್ರಷ್‌ನೊಳಗೆ ನೀರು ನುಗ್ಗಿದರೆ ಬೂಷ್ಟು ಕಟ್ಟೀತು. ಅದನ್ನು ಬೋರಲು ಹಾಕಿ ಒಣಗಿಸಬೇಕು. ಕೂದಲು ಒಣಗಿಸುವ ಯಂತ್ರದ ಹಿಂಬದಿಯ ಜಾಲರಿಯಲ್ಲಿ ಧೂಳು ಕಟ್ಟಿದರೆ ಗಾಳಿ ಆಡದೆ ಯಂತ್ರ ಅತಿಯಾಗಿ ಕಾಯುತ್ತದೆ, ಅದನ್ನೂ ಒರೆಸುವುದು ಒಳ್ಳೆಯದು.

ಇಷ್ಟಾದರೂ ಬಾಚಣಿಗೆಯ ಮೇಲೆ ಇಲ್ಲದ ಅಪವಾದ ಹೊರಿಸುವುದು ಸರಿಯಲ್ಲ. ತಲೆಹೊಟ್ಟಿನ ಹಿಂದಿರುವ ಮಲಸೇಜಿಯಾ ಎಂಬ ಶಿಲೀಂಧ್ರ ಹೊಟ್ಟಿಲ್ಲದವರ ನೆತ್ತಿಯಲ್ಲೂ ವಾಸವಿದೆ. ಅದು ಸೀಬಮ್ಮನ್ನು ಒಡೆದಾಗ ಹುಟ್ಟುವ ಕೊಬ್ಬಿನಾಮ್ಲಗಳು ಕೆಲವರ ಚರ್ಮವನ್ನು ಕೆರಳಿಸುತ್ತವೆ. ಬಾಚಣಿಗೆ ತೊಳೆದ ಮಾತ್ರಕ್ಕೆ ಹೊಟ್ಟು ಹೋಗುವುದಿಲ್ಲ. ಮಕ್ಕಳ ನೆತ್ತಿಗೆ ಬರುವ ಹುಳುಕಡ್ಡಿಯ ಕಥೆ ಬೇರೆ: ಅದು ಬಾಚಣಿಗೆಯಿಂದಲೂ ಕ್ಷೌರದ ಯಂತ್ರದಿಂದಲೂ ದಾಟಬಲ್ಲದು, ವಾಸಿಯಾಗಲು ಸಾಮಾನ್ಯವಾಗಿ ನುಂಗುವ ಔಷಧವೇ ಬೇಕು. ಹಾಗಾಗಿ ದಾವಣಗೆರೆಯಲ್ಲಿ ತಂಗಿಯ ಮಗನನ್ನು ಕ್ಷೌರಕ್ಕೆ ಕರೆದೊಯ್ಯುವಾಗ ಅವನದೇ ಬಾಚಣಿಗೆ ನನ್ನ ಜೇಬಿನಲ್ಲಿರುತ್ತದೆ. ಅಂಗಡಿಯವರು ನಗುತ್ತಾರೆ, ಆದರೆ ಅದನ್ನೇ ಬಳಸುತ್ತಾರೆ.

ಹೇನು ಹೆಚ್ಚಾಗಿ ದಾಟುವುದು ತಲೆಗೆ ತಲೆ ತಾಗಿದಾಗ. ತಲೆಯಿಂದ ಬಿದ್ದ ಹೇನು ರಕ್ತವಿಲ್ಲದೆ ಒಂದೆರಡು ದಿನಕ್ಕೆ ಸಾಯುತ್ತದೆ. ಆದರೂ ಹೇನು ತೆಗೆದ ಬಾಚಣಿಗೆಯನ್ನು 54 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿಲ್ಲದ ಬಿಸಿ ನೀರಿನಲ್ಲಿ 5ರಿಂದ 10 ನಿಮಿಷ ಇಡಬೇಕು. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಸೀರು ಎಂದರೆ ಹೇನಿನ ಮೊಟ್ಟೆ, ಅದನ್ನು ಎಳೆದು ತೆಗೆಯುವ ಹಣಿಗೆ ಸೀರಣಿಗೆ. ಎರಡೂ ಬದಿ ಹಲ್ಲಿರುವ ಈ ಸಾಧನ ಸಂತೆಯಲ್ಲಿ ಈಗಲೂ ಸಿಗುತ್ತದೆ. ಇದರ ಹಿರಿಯಕ್ಕನೊಬ್ಬಳು ಇಸ್ರೇಲಿನ ಲಾಕಿಶ್ ಎಂಬಲ್ಲಿ ಉತ್ಖನನದಲ್ಲಿ ಸಿಕ್ಕಿದ್ದಾಳೆ. ಸುಮಾರು 3,700 ವರ್ಷ ಹಳೆಯ ಆನೆದಂತದ ಪುಟ್ಟ ಬಾಚಣಿಗೆ; ಒಂದು ಬದಿ ಸಿಕ್ಕು ಬಿಡಿಸಲು 6 ದಪ್ಪ ಹಲ್ಲು, ಇನ್ನೊಂದು ಬದಿ ಹೇನಿಗೆಂದು 14 ಸಣ್ಣ ಹಲ್ಲು. ಅದರ ಮೇಲೆ ಕೊರೆದ 17 ಅಕ್ಷರಗಳನ್ನು ವಿದ್ವಾಂಸರು ಓದಿ 2022ರಲ್ಲಿ ಪ್ರಕಟಿಸಿದರು. ಕೂದಲು, ಗಡ್ಡಗಳ ಹೇನನ್ನು ಈ ದಂತ ಕಿತ್ತೊಗೆಯಲಿ ಎಂಬ ಹಾರೈಕೆ ಅದು. ಸೂಕ್ಷ್ಮದರ್ಶಕದಡಿ ನೋಡಿದಾಗ ಎರಡನೆಯ ಹಲ್ಲಿನಲ್ಲಿ ಹೇನಿನ ಅವಶೇಷ ಕಂಡಿತು. ಹಾರೈಕೆ ಕೊರೆಸಿದವರು ಬಾಚಣಿಗೆಯನ್ನು ಸರಿಯಾಗಿ ತೊಳೆದಿರಲಿಲ್ಲ.