ಹಳೆಯ ವಿದೇಶಿ ಕಾರು: ಬಂದರಿನಿಂದ ಮಾಕುಟ್ಟದವರೆಗೆ ಬೆಳೆದ ಸಿಕ್ಕು

2025ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು ‘ನುಮ್‌ಖೋರ್’ ಎಂಬ ಹೆಸರಿನಲ್ಲಿ ಕೇರಳದ ಹಲವೆಡೆ ಶೋಧ ನಡೆಸಿ 30ಕ್ಕೂ ಹೆಚ್ಚು ವಾಹನಗಳನ್ನು ವಶಕ್ಕೆ ಪಡೆದರು. ಲ್ಯಾಂಡ್ ಕ್ರೂಸರ್, ಡಿಫೆಂಡರ್‌ನಂಥ ಈ ಹಳೆಯ ಗಾಡಿಗಳು ಭೂತಾನ್ ಮೂಲಕ ಸುಂಕ ಕಟ್ಟದೆ ಒಳಬಂದು, ಹಿಮಾಚಲ ಪ್ರದೇಶ ಮತ್ತಿತರ ಕಡೆ ನೋಂದಣಿಯಾಗಿ, ಬಳಿಕ ದಕ್ಷಿಣಕ್ಕೆ ಮಾರಾಟವಾದವು ಎಂಬುದು ಇಲಾಖೆಯ ವಾದ. ಸುದ್ದಿ ಕೇರಳ-ಕೊಡಗು ಗಡಿಯ ಮಾಕುಟ್ಟ ಚೆಕ್‌ಪೋಸ್ಟ್ ದಾಟಿ ವಿರಾಜಪೇಟೆ, ಗೋಣಿಕೊಪ್ಪಕ್ಕೆ ಬರಲು ತಡವಾಗಲಿಲ್ಲ. ಮಳೆಗಾಲದ ಕೆಸರಿನಲ್ಲಿ ತೋಟದ ಏರು ಹತ್ತಬಲ್ಲ ನಾಲ್ಕು ಚಕ್ರ ಚಾಲನೆಯ ಗಾಡಿ ಕೊಡಗಿನಲ್ಲಿ ಶೋಕಿಯೂ ಹೌದು, ಕೆಲಸದ ವಸ್ತುವೂ ಹೌದು. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಇವನ್ನು ಕೇಳಿಕೊಂಡು ಬರುವವರೂ ಹೆಚ್ಚುತ್ತಾರೆ. ಹಾಗಾದರೆ ಹೊರದೇಶದ ಹಳೆಯ ಕಾರನ್ನು ನೇರ ದಾರಿಯಲ್ಲಿ ತರಲಾಗದೆ? ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಜನರಲ್ ಮೋಟಾರ್ಸ್ 1928ರಲ್ಲಿ ಮುಂಬೈಯಲ್ಲಿ ಜೋಡಣಾ ಘಟಕ ತೆರೆದಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸಿದ್ಧ ಕಾರುಗಳ ಆಮದು ನಿಂತಿತು, ಐವತ್ತರ ದಶಕದ ನಡುವಿನ ಹೊತ್ತಿಗೆ ವಿದೇಶಿ ಜೋಡಣಾಗಾರರೂ ಗಂಟುಮೂಟೆ ಕಟ್ಟಿದರು. ಆಮೇಲಿನ ಮೂರು ದಶಕ ಅಂಬಾಸಿಡರ್ ಮತ್ತು ಫಿಯೆಟ್‌ಗಳದು, ತೋಟಗಳಲ್ಲಿ ಜೀಪಿನದು. ವಿದೇಶಿ ಕಾರು ಬೇಕೆಂದವರಿಗೆ ಉಳಿದದ್ದು ಎರಡು ಕಿಂಡಿ. ರಾಜತಾಂತ್ರಿಕರು ಬಿಟ್ಟುಹೋದ ಕಾರುಗಳನ್ನು ಕೇಂದ್ರ ಸರ್ಕಾರದ ರಾಜ್ಯ ವ್ಯಾಪಾರ ನಿಗಮ (ಎಸ್‌ಟಿಸಿ) ಮಾರುತ್ತಿತ್ತು. ವರ್ಷಗಟ್ಟಲೆ ಹೊರದೇಶದಲ್ಲಿದ್ದು ಊರಿಗೆ ಮರಳುವವರು ತಾವು ಅಲ್ಲಿ ಓಡಿಸುತ್ತಿದ್ದ ಕಾರನ್ನು ಷರತ್ತುಗಳಿಗೆ ಒಳಪಟ್ಟು ತರಬಹುದಿತ್ತು. ಮನೆ ಬದಲಾವಣೆಯ ಈ ಅವಕಾಶ ನ್ಯಾಯವಾದದ್ದೇ. ಆದರೆ ಅವಕಾಶ ಒಬ್ಬರ ಹೆಸರಿನಲ್ಲಿ, ಕಾರು ಇನ್ನೊಬ್ಬರ ಮನೆಯಲ್ಲಿ ಎಂಬ ಪದ್ಧತಿ ಹುಟ್ಟಿದ್ದೂ ಇಲ್ಲಿಯೇ.

ಇಂದಿನ ಗೊಂದಲದ ಬೇರು ಇರುವುದು 2001ರಲ್ಲಿ. ಜಾಗತಿಕ ವ್ಯಾಪಾರ ಒಪ್ಪಂದಕ್ಕೆ ತಲೆಬಾಗಿ ಆ ವರ್ಷದ ಏಪ್ರಿಲ್‌ನಿಂದ ಭಾರತ ಆಮದಿನ ಪ್ರಮಾಣ ನಿರ್ಬಂಧಗಳನ್ನು ತೆಗೆಯಬೇಕಾಯಿತು. ಬಳಸಿದ ಕಾರುಗಳಿಗೂ ಬಾಗಿಲು ತೆರೆಯಿತು, ಆದರೆ ಸರಪಳಿ ಹಾಕಿಕೊಂಡೇ. ಕಾರು ತಯಾರಾಗಿ 3 ವರ್ಷ ಮೀರಿರಬಾರದು. ಸ್ಟೇರಿಂಗ್ ಬಲಗಡೆಗಿರಬೇಕು. ದೀಪಗಳು ಎಡಬದಿಯ ಸಂಚಾರಕ್ಕೆ ಹೊಂದಬೇಕು, ವೇಗ ಕಿಲೋಮೀಟರಿನಲ್ಲಿ ಕಾಣಬೇಕು. ಮುಂದಿನ 5 ವರ್ಷ ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ ಬೇಕು. ಇಳಿಸುವುದು ಮುಂಬೈ ಬಂದರಿನಲ್ಲಿ ಮಾತ್ರ. ಕೊಡಗಿಗೆ ಮಂಗಳೂರೂ ಹತ್ತಿರ, ಕೊಚ್ಚಿಯೂ ದೂರವಲ್ಲ, ಎರಡರಿಂದಲೂ ಪ್ರಯೋಜನವಿಲ್ಲ.

ಇದರ ಮೇಲೆ ಸುಂಕ. 2001ರಲ್ಲಿ ಶೇ 105 ಇದ್ದ ಮೂಲ ಸುಂಕ ಮುಂದೆ ಶೇ 100ಕ್ಕೆ ಇಳಿದು, 2013ರ ಬಜೆಟ್‌ನಲ್ಲಿ ಶೇ 125ಕ್ಕೆ ಏರಿತು. 2025ರ ಬಜೆಟ್ ಅದನ್ನು ಶೇ 70ಕ್ಕೆ ಇಳಿಸಿದಾಗ ಕೆಲವರು ಸಂಭ್ರಮಿಸಿದರು. ಪಕ್ಕದಲ್ಲೇ ಶೇ 67.5ರ ಕೃಷಿ ಮೂಲಸೌಕರ್ಯ ಸೆಸ್ ಕುಳಿತಿದ್ದನ್ನು ಅವರು ಓದಿರಲಿಲ್ಲ. ಮೊದಲಿದ್ದ ಶೇ 125ಕ್ಕೆ ಶೇ 12.5ರ ಸಮಾಜ ಕಲ್ಯಾಣ ಸರ್ಚಾರ್ಜ್ ಸೇರಿಸಿದರೆ ಎಷ್ಟಾಗುತ್ತಿತ್ತೋ, ಹೊಸ ಲೆಕ್ಕದಲ್ಲೂ ಅಷ್ಟೇ: ಶೇ 137.5. ಜಿಎಸ್‌ಟಿಯನ್ನೂ ಕೂಡಿಸಿದರೆ ದೊಡ್ಡ ಕಾರುಗಳಿಗೆ ತೆರಿಗೆಯೇ ಕಾರಿನ ಮೌಲ್ಯದ ಎರಡು ಪಟ್ಟು ದಾಟುತ್ತದೆ.

ಆ ಮೌಲ್ಯವನ್ನು ಯಾರು ಹೇಳುತ್ತಾರೆ ಎಂಬುದೂ ತಿಳಿದಿರಬೇಕು. ನೀವು ದುಬೈಯಲ್ಲಿ ಚೌಕಾಸಿ ಮಾಡಿ ಕೊಟ್ಟ ಬೆಲೆಯನ್ನು ಕಸ್ಟಮ್ಸ್ ಹಾಗೆಯೇ ಒಪ್ಪಿಕೊಳ್ಳುವುದಿಲ್ಲ. ಕಾರು ಹೊಸದಿದ್ದಾಗಿನ ಬೆಲೆಯಿಂದ ಸವಕಳಿ ಕಳೆಯುವುದು ರೂಢಿ: ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ 4, ಎರಡನೆಯ ವರ್ಷ ಶೇ 3, ಮೂರನೆಯ ವರ್ಷ ಶೇ 2.5, ಆಮೇಲೆ ಶೇ 2. ಒಟ್ಟು ಕಡಿತ ಶೇ 70 ಮೀರುವಂತಿಲ್ಲ. 25 ಲಕ್ಷ ರೂಪಾಯಿಯ ಕಾರಿಗೆ ಮೂರು ವರ್ಷ ತುಂಬಿದರೆ ಮೌಲ್ಯ 15.5 ಲಕ್ಷ, ಸಾಗಣೆ ಮತ್ತು ವಿಮೆಯನ್ನು ಬಿಟ್ಟರೂ ಅದರ ಮೇಲಿನ ಸುಂಕ 21 ಲಕ್ಷ ಮೀರುತ್ತದೆ. ಜಿಎಸ್‌ಟಿ ಇನ್ನೂ ಬಾಕಿ. ಇಷ್ಟು ಕೊಟ್ಟು ತರುವವರು ಬೆರಳೆಣಿಕೆಯಷ್ಟೇ ಎಂಬುದು ನಿಯಮ ಬರೆದವರಿಗೂ ಗೊತ್ತಿತ್ತು ಎಂದು ಊಹಿಸಲು ಬಹಳ ಜಾಣತನ ಬೇಕಿಲ್ಲ.

ಮುಖ್ಯ ದಾರಿ ಹೀಗಿರುವಾಗ ಅಡ್ಡದಾರಿಗಳಿಗೆ ಸಂಚಾರ ಹೆಚ್ಚಿತು. ಹಳೆಯದನ್ನು ಹೊಸದೆಂದು ತೋರಿಸುವುದು, ಬೆಲೆ ತಗ್ಗಿಸಿ ಬರೆಯುವುದು, ರಾಜತಾಂತ್ರಿಕರ ವಿನಾಯಿತಿ ಬಳಸಿಕೊಳ್ಳುವುದು ಎಲ್ಲವೂ ತನಿಖೆಗೆ ಬಂದಿವೆ. ಕಾರ್ನೆ ಎಂಬ ದಾಖಲೆಯ ಕಥೆ ಬೇರೆ. ಪ್ರವಾಸಿಗಳು ತಮ್ಮ ಕಾರನ್ನು ಸುಂಕವಿಲ್ಲದೆ ಆರು ತಿಂಗಳಿಗೆ ತಂದು ವಾಪಸ್ ಒಯ್ಯುವುದಕ್ಕೆ ಇರುವ ಅಂತರರಾಷ್ಟ್ರೀಯ ಏರ್ಪಾಡು ಅದು. ಕೊಲ್ಲಿಯ ನಂಬರ್ ಪ್ಲೇಟ್ ಹೊತ್ತ ಕಾರುಗಳು ಮಡಿಕೇರಿಯ ರಾಜಾಸೀಟ್ ಬಳಿ ಕಂಡರೆ ಹುಬ್ಬೇರಿಸಬೇಕಿಲ್ಲ, ಬಹುಪಾಲು ಇದೇ ಕಾಗದದ ಮೇಲೆ ಕಾನೂನುಬದ್ಧವಾಗಿ ಬಂದವು. ಅವಧಿ ಮುಗಿದ ಮೇಲೂ ಹಿಂದಿರುಗದಿದ್ದರೆ ತೊಂದರೆ ಶುರು.

ಭೂತಾನ್ ದಾರಿ ಸುಲಭವಾಗಿ ಕಂಡದ್ದಕ್ಕೆ ಕಾರಣಗಳಿವೆ. ಅಲ್ಲಿಯೂ ಸಂಚಾರ ಎಡಬದಿಯಲ್ಲೇ, ಸ್ಟೇರಿಂಗ್ ಬಲಕ್ಕೇ. ಎರಡೂ ದೇಶಗಳ ನಡುವೆ ಜನರ ಓಡಾಟಕ್ಕೆ ಮುಕ್ತ ಗಡಿ. ಭೂತಾನ್‌ನ ಫುಂಟ್‌ಶೋಲಿಂಗ್‌ನಿಂದ ಪಶ್ಚಿಮ ಬಂಗಾಳದ ಜೈಗಾಂವ್‌ಗೆ ದಾಟುವುದು ಒಂದು ಕಮಾನು ದಾಟಿದಷ್ಟೇ. ಸೇನೆ ಮತ್ತು ರಾಯಭಾರ ಕಚೇರಿಗಳ ಹೆಸರಿನ ನಕಲಿ ಪತ್ರಗಳಿಂದ ನೋಂದಣಿ ಮಾಡಿಸಲಾಯಿತು ಎಂದು ಇಲಾಖೆ ಹೇಳುತ್ತದೆ. ಒಮ್ಮೆ ಒಂದು ರಾಜ್ಯದ ಆರ್‌ಸಿ ಸಿಕ್ಕರೆ ಮುಂದಿನದು ಎನ್‌ಒಸಿ, ತೆರಿಗೆ, ಹೆಸರು ಬದಲಾವಣೆ. ಮೂರನೆಯ ಖರೀದಿದಾರನ ಕೈಗೆ ಬರುವ ಹೊತ್ತಿಗೆ ಕಡತ ಶುಭ್ರವಾಗಿ ಕಾಣುತ್ತದೆ. ಅದರಲ್ಲಿ ಇಲ್ಲದಿರುವುದು ‘ಬಿಲ್ ಆಫ್ ಎಂಟ್ರಿ’, ಅಂದರೆ ಬಂದರಿನಲ್ಲಿ ಸುಂಕ ಕಟ್ಟಿದ ದಾಖಲೆ. 1962ರ ಕಸ್ಟಮ್ಸ್ ಕಾಯ್ದೆಯಡಿ, ತಪ್ಪು ದಾರಿಯಲ್ಲಿ ಬಂದ ವಸ್ತು ಎಷ್ಟು ಕೈ ಬದಲಾದರೂ ಮುಟ್ಟುಗೋಲಿಗೆ ಒಳಪಟ್ಟದ್ದೇ. ‘ರಸ್ತೆಗೆ ಇಳಿಸುವುದಿಲ್ಲ, ತೋಟದೊಳಗೆ ಮಾತ್ರ ಓಡಿಸುತ್ತೇವೆ’ ಎಂಬ ಸಮಾಧಾನ ನಮ್ಮಲ್ಲಿ ಚಾಲ್ತಿಯಲ್ಲಿದೆ. ಖಾಸಗಿ ಜಾಗದಲ್ಲಿ ನೋಂದಣಿ ಬೇಡವಿರಬಹುದು. ಸುಂಕಕ್ಕೆ ತೋಟದ ಬೇಲಿ ಅಡ್ಡ ಬರುವುದಿಲ್ಲ.

ಹಳೆಯ ಕಾರನ್ನು ಪರಂಪರೆಯೆಂದು ನೋಡುವ ಕಣ್ಣು ಸರ್ಕಾರಕ್ಕೆ ತಡವಾಗಿ ಬಂತು. ಬಹುಕಾಲ 1950ಕ್ಕೆ ಮುಂಚಿನವು ಮಾತ್ರ ವಿಂಟೇಜ್ ಆಮದಿಗೆ ಅರ್ಹವಾಗಿದ್ದವು. 2021ರ ಜುಲೈಯಲ್ಲಿ 50 ವರ್ಷ ದಾಟಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ಬಂತು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಫಲಕದಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳು. ಅದರಲ್ಲಿ ಜಿಲ್ಲೆಯ ಸಂಖ್ಯೆ ಇರುವುದಿಲ್ಲ. ಕೆಎ 12 ಎಂಬುದನ್ನು ಮನೆತನದ ಹೆಸರಿನಂತೆ ಹೇಳಿಕೊಳ್ಳುವ ಕೊಡವರಿಗೂ ಗೌಡರಿಗೂ ಇದು ಸಣ್ಣ ಬೇಸರವೇ. ಓಡಿಸಲು ಅನುಮತಿ ಇರುವುದು ಪ್ರದರ್ಶನ, ವಿಂಟೇಜ್ ರ್‍ಯಾಲಿ, ಸಂಶೋಧನೆ, ಇಂಧನ ಮತ್ತು ರಿಪೇರಿಗೆ ಮಾತ್ರ. ಸಂತೆಗೆ ಹೋಗಿಬರಲು ಅಲ್ಲ.

2025ರ ಆರಂಭದಲ್ಲಿ ಆಮದು ನಿಯಮವೂ ಇದೇ 50 ವರ್ಷದ ಲೆಕ್ಕಕ್ಕೆ ಬಂದು, ಪ್ರತಿ ವರ್ಷ ಮುಂದೆ ಸರಿಯುವಂತಾಯಿತು. ಸುಂಕದಲ್ಲಿ ರಿಯಾಯಿತಿ ಸಿಗಲಿಲ್ಲ. ಮೂರು ವರ್ಷದೊಳಗಿನದು ಬಳಸಿದ ಕಾರು, ಐವತ್ತು ದಾಟಿದ್ದು ವಿಂಟೇಜ್. ನಡುವಿನ ನಲವತ್ತೇಳು ವರ್ಷಗಳ ಗಾಡಿಗಳಿಗೆ ಸಾಮಾನ್ಯ ಖರೀದಿದಾರನ ಮಟ್ಟಿಗೆ ದಾರಿಯೇ ಇಲ್ಲ, ಮತ್ತು ಕೊಡಗಿನ ಗ್ಯಾರೇಜುಗಳಲ್ಲಿ ಜನ ಕಣ್ಣರಳಿಸಿ ಮಾತಾಡುವುದು ಹೆಚ್ಚಾಗಿ ಆ ನಡುವಿನ ಗಾಡಿಗಳ ಬಗ್ಗೆಯೇ. 1990ರ ಲ್ಯಾಂಡ್ ಕ್ರೂಸರ್ ಒಂದನ್ನು ಹೊರಗಿನಿಂದ ನೇರ ದಾರಿಯಲ್ಲಿ ತರಬೇಕೆಂದರೆ, ಈಗಿನ ನಿಯಮ ಹೀಗೇ ಉಳಿದರೆ, 2040ರವರೆಗೆ ಕಾಯಬೇಕು. ಈಗಾಗಲೇ ದೇಶದೊಳಗೆ ಇರುವುದನ್ನು ಕೊಳ್ಳುವವರು ಆರ್‌ಸಿ ನೋಡುವ ಮೊದಲು ಬಿಲ್ ಆಫ್ ಎಂಟ್ರಿ ಕೇಳಿ, ಅದರಲ್ಲಿನ ಷಾಸಿ ನಂಬರನ್ನು ಗಾಡಿಯ ಮೇಲಿನದಕ್ಕೆ ತಾಳೆ ಹಾಕಬೇಕು. ಮಾರುವವನು ‘ಕಾಗದ ಆಮೇಲೆ ಕಳಿಸುತ್ತೇನೆ’ ಎಂದರೆ ಮುಂಗಡ ಕೊಡದೆ ಎದ್ದು ಬರುವುದೇ ಸರಿ.